ಎರಡು ಮೊಳ, ಒಂದು ಗೇಣು

ಇಪ್ಪತ್ತಾರು ವರ್ಷ ಸತ್ತ ಪ್ರಾಣಿಗಳ ಜೊತೆ ಸಂಸಾರ ಮಾಡಿದ್ದೇನೆ. ಅವುಗಳಿಂದ ಒಂದು ದಿನವೂ ತೊಂದರೆಯಾಗಿಲ್ಲ. ತೊಂದರೆಯೆಲ್ಲ ಅವುಗಳನ್ನು ಹೊಡೆದು ತರುವವರದು. ಹುಲಿ ತಂದವನಿಗೆ ಅದು ಇನ್ನೊಂದು ಅಡಿ ಉದ್ದ ಕಾಣಬೇಕು. ಕಾಡೆಮ್ಮೆ ತಂದವನಿಗೆ ಕೊಂಬು ಇನ್ನಷ್ಟು ಅಗಲವಾಗಬೇಕು. ರಿಟೈರಾದ ದೊಡ್ಡ ಮನುಷ್ಯರೊಬ್ಬರು ಕಾಡುಬೆಕ್ಕು ತಂದು, "ಏಕಾಂತಯ್ಯನವರೇ, ಚಿರತೆ ಮರಿ ಥರ ಕಾಣೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?" ಅಂತ ಕಿವಿಯಲ್ಲಿ ಕೇಳಿದ್ದರು. ಆಗುತ್ತೆ ಸ್ವಾಮಿ, ಯಾಕಾಗಲ್ಲ? ಸುಲಿದ ಚರ್ಮದೊಳಗೆ ಒಂದು ಹಿಡಿ ಹುಲ್ಲು ಜಾಸ್ತಿ ತುಂಬಿದರೆ, ಅಲ್ಲೊಂದು ಇಲ್ಲೊಂದು ತೇಪೆ ಹಾಕಿ ಬಣ್ಣ ಬಳಿದರೆ ಎಲ್ಲ ಆಗುತ್ತೆ. ಗಿರಾಕಿ ಬಾಯಿಬಿಟ್ಟು ಕೇಳುವ ಮೊದಲೇ ಅಷ್ಟಿಷ್ಟು ಹಿಗ್ಗಿಸಿ ಕೊಡುವುದು ನನ್ನ ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಚಿಕ್ಕದು ಮಾಡಿಕೊಡಿ ಅಂತ ಜಗಳಕ್ಕೆ ನಿಂತವನು ಒಬ್ಬನೇ ಒಬ್ಬ. ಚಿಕ್ಕಲಸಂದ್ರದ ಚಿಕ್ಕಬೈರಪ್ಪ.

ನನ್ನ ಅಂಗಡಿ ಜಯನಗರದ ಅಶೋಕ ಪಿಲ್ಲರ್‌ನಿಂದ ಕೂಗಳತೆಯಲ್ಲಿತ್ತು. ಬೋರ್ಡಿನಲ್ಲಿ ಏನೇನೋ ಇಂಗ್ಲಿಷ್ ಬರೆಸಿದ್ದೆ, ಆದರೆ ಸುತ್ತಮುತ್ತಲಿನವರ ಬಾಯಲ್ಲಿ ಅದು ಹುಲಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹಿಂದೆ ಲಿಂಗಪೂಜೆ, ಮುಂದೆ ಹುಲಿಚರ್ಮ. ಮೊಟ್ಟೆಯನ್ನೂ ಮುಟ್ಟದ ಜಂಗಮರ ಮನೆಯವನು ಚರ್ಮದ ಕೆಲಸಕ್ಕೆ ಇಳಿದನಲ್ಲ ಅಂತ ತುಮಕೂರು ಕಡೆಯ ನಮ್ಮ ನೆಂಟರು ಇವತ್ತಿಗೂ ಮೂಗು ಮುರಿಯುತ್ತಾರೆ. ಮುರಿಯಲಿ, ಅವರವರ ಮೂಗು. ಮೈಸೂರಿನಲ್ಲಿ ಗುರುಗಳ ಕೈಕೆಳಗೆ ಒಂಬತ್ತು ವರ್ಷ ಕೂತು ಕಲಿತ ವಿದ್ಯೆ ಇದು. ಕಾಯಕದಲ್ಲಿ ಮೇಲು ಕೀಳು ನೋಡಿದವನಲ್ಲ ನಾನು. ಮೀನಿನ ವಾಸನೆ ಒಂದನ್ನು ಮಾತ್ರ ನನ್ನ ಮೂಗು ತಡೆಯುವುದಿಲ್ಲ, ಇಷ್ಟೆಲ್ಲ ಆದದ್ದು ಅದರಿಂದಲೇ.

ಐವತ್ತೆಂಟನೇ ಇಸವಿಯ ಬೇಸಿಗೆ. ಒಂದು ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮುಂಚೆ ಅಂಗಡಿ ಬಾಗಿಲು ತೆರೆದೆ. ಜಗಲಿಯ ಮೇಲೆ ಅರವತ್ತು ದಾಟಿದ ಒಬ್ಬ ಗೌಡ ಕೂತಿದ್ದ. ಮೊಣಕಾಲಿನತನಕ ಕೆಸರು, ಬಾಯಲ್ಲಿ ಏದುಸಿರು.

"ಅಯ್ನೋರೇ, ಮೀನು ತುಂಬಿಕೊಡ್ತೀರಾ?"

"ಎಲ್ಲಿ ಮೀನು?"

"ಊರಾಗೈತೆ. ಇನ್ನೂ ಜೀವ ಐತೆ. ಕೆರೆ ಗುಂಡಿಯಾಗೆ ಹಗ್ಗ ಹಾಕಿ ಕಟ್ಟಿ ಬಂದಿವ್ನಿ."

ನನಗೆ ಕೋಪ ಮೂಗಿನ ತುದಿಯಲ್ಲೇ. "ಗೌಡ್ರೇ, ಇದೇನು ಕಲಾಯಿ ಅಂಗಡೀನಾ, ಇವತ್ತು ವಿಚಾರಿಸಿ ನಾಳೆ ಪಾತ್ರೆ ತರೋಕೆ? ಮೀನು ತಗೊಂಡೇ ಬರಬೇಕಿತ್ತು," ಅಂದೆ.

"ತರಂಗಿಲ್ವಲ್ಲ ಅಯ್ನೋರೇ, ಅದಕ್ಕೇ ಓಡಿ ಬಂದೆ," ಅಂದ. ಆಮೇಲೆ ಸುಧಾರಿಸಿಕೊಂಡು ಎಲ್ಲ ಹೇಳಿದ.

ಅವರೂರಿನ ಕಟ್ಟಳೆ ಹೀಗೆ. ಬೇಸಿಗೆಯಲ್ಲಿ ಕೆರೆ ಮೊಣಕಾಲುದ್ದಕ್ಕೆ ಇಳಿದಾಗ ಊರಿಗೆ ಊರೇ ನೀರಿಗಿಳಿದು ಮೀನು ಹಿಡಿಯುತ್ತದೆ. ಸಣ್ಣಪುಟ್ಟವು ಹಿಡಿದವರಿಗೆ. ಎಲ್ಲಕ್ಕಿಂತ ದೊಡ್ಡದು ಯಾರ ಕೈಗೆ ಸಿಕ್ಕರೂ ಅದು ಊರಿನದು. ಅದನ್ನು ಏರಿ ಮೇಲೆಯೇ ಕೊಯ್ದು, ಹೊತ್ತು ಮುಳುಗುವುದರೊಳಗೆ ಮನೆಗೊಂದು ತುಂಡು ಹಂಚಬೇಕು. ಇಡೀ ಮೀನು ಏರಿ ದಾಟಿದರೆ ಮುಂದಿನ ಮಳೆಗಾಲ ಕೆರೆ ತುಂಬುವುದಿಲ್ಲವಂತೆ.

"ಹಾಗಾದ್ರೆ ಹಂಚಿಕೊಂಡು ತಿನ್ನಿ. ನನ್ನ ಹತ್ರ ಯಾಕೆ ಬಂದ್ರಿ?"

ಅವನು ಜಗಲಿಯಿಂದ ಎದ್ದು ನನ್ನ ಹತ್ತಿರಕ್ಕೆ ಬಂದ. ಇಪ್ಪತ್ತು ವರ್ಷದ ಹಿಂದೆ ಒಂದು ಸಂಜೆ ಕೆರೆಯ ತೂಬಿನ ಹತ್ತಿರ ಒಂದು ಬಾಳೆ ಮೀನು ಅವನ ಬಲೆ ಹರಿದುಕೊಂಡು ಹೋಗಿತ್ತಂತೆ. ಅಷ್ಟು ದೊಡ್ಡ ಮೀನು ಈ ಕೆರೆಯಲ್ಲಿದೆ ಅಂತ ಅವತ್ತೇ ಬೋರಣ್ಣನ ಕಾಫಿ ಅಂಗಡಿಯಲ್ಲಿ ಹೇಳಿದ. ಒಬ್ಬನೂ ನಂಬಲಿಲ್ಲ. ನಂಬದಿರುವುದಕ್ಕೆ ಕಾರಣವೂ ಇತ್ತು ಅನ್ನಿ. ಬನ್ನೇರುಘಟ್ಟದ ಕಾಡಿನಲ್ಲಿ ಆನೆಯೊಂದು ಸೊಂಡಿಲೆತ್ತಿ ತನಗೆ ನಮಸ್ಕಾರ ಮಾಡಿತು ಅಂತಲೂ ಅವನು ಅದೇ ಅಂಗಡಿಯಲ್ಲಿ ಹೇಳಿದ್ದ. ಅಂತೂ ಊರಿನವರು ಅವನಿಗೆ ಬುರುಡೆ ಬೈರಪ್ಪ ಅಂತ ಹೆಸರಿಟ್ಟರು. ಅವನು ಪಂಚಾಯ್ತಿಯಲ್ಲಿ ಸಾಕ್ಷಿ ಹೇಳಲು ನಿಂತರೆ ಜನ ಕೆಮ್ಮುತ್ತಿದ್ದರು. ಅವನ ಮೊಮ್ಮಕ್ಕಳನ್ನೂ ಬುರುಡೆ ಮನೆಯೋರು ಅಂತಲೇ ಕರೆಯುತ್ತಿದ್ದರು. ಇವತ್ತು ಅಂಥದೇ ಬಾಳೆ ಮೀನು ಊರಿನವರೆಲ್ಲರ ಮುಂದೆ ಅವನ ಕೈಗೇ ಸಿಕ್ಕಿತ್ತು.

"ಈಗ ಎಲ್ರೂ ಮೀನು ನೋಡಿದ್ರಲ್ಲ, ಇನ್ನೇನು?" ಅಂದೆ.

"ಇವತ್ತು ನೋಡ್ತಾರೆ, ತಿಂತಾರೆ. ಹೊಟ್ಟೆಗೆ ಹೋದ ಮೀನು ದಿನಾ ದಿನಾ ಸಣ್ಣದಾಗ್ತಾ ಹೋಗ್ತದೆ ಅಯ್ನೋರೇ. ಬರೋ ಉಗಾದಿ ಹೊತ್ಗೆ ನಮ್ ಜನ ಅದನ್ನ ಅಂಗೈ ಅಗಲ ಮಾಡಿರ್ತಾರೆ. ನಾನು ಸತ್ತ ಮ್ಯಾಕೆ ಮೀನೇ ಇರ್ಲಿಲ್ಲ ಅಂತಾರೆ. ಗೋಡೆ ಮ್ಯಾಲೆ ಇದ್ರೆ ಯಾವನೂ ಉಸಿರೆತ್ತಕಿಲ್ಲ. ನನ್ ಮಾತು ಒಂದಾದ್ರೂ ನಿಲ್ಲಲಿ."

ಆ ಮುಖ ನೋಡಿ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವತ್ತು ನಾನು ಅವನ ಜೊತೆ ಹೋಗಬೇಕಿತ್ತು. ಚರ್ಮ ಸುಲಿಯುವ ಮುಂಚೆ ನಮ್ಮ ಕೈಯಾರೆ, ನಮ್ಮ ಟೇಪಿನಲ್ಲೇ ಅಳೆಯಬೇಕು ಅನ್ನುವುದು ಗುರುಗಳು ಕಲಿಸಿದ ಮೊದಲ ಪಾಠ. ಆದರೆ ಊರಿಗೆ ಊರೇ ಮೀನು ಕೊಯ್ಯುವ ಏರಿಯ ಮೇಲೆ, ಆ ಬಿಸಿಲಿನಲ್ಲಿ, ಅದೂ ಸೋಮವಾರ! ಹುಲಿಚರ್ಮ ಪಟಿಕದ ನೀರಿನಲ್ಲಿದೆ, ಬಿಟ್ಟು ಬರುವ ಹಾಗಿಲ್ಲ ಅಂತ ನೆವ ಹೇಳಿದೆ. ಒಂದು ಪಕ್ಕ ಮಾತ್ರ ಸೀಳಿ, ತಲೆ ಬಾಲ ರೆಕ್ಕೆ ಚರ್ಮಕ್ಕೇ ಅಂಟಿಕೊಂಡಿರಲಿ, ಒಳಗೆಲ್ಲ ಉಪ್ಪು ಉಜ್ಜಿ ಅಂತ ಹೇಳಿಕೊಟ್ಟು, "ಸುಲಿಯೋಕೆ ಮುಂಚೆ ಮೂತಿಯಿಂದ ಬಾಲದ ತುದಿವರೆಗೆ ಅಳತೆ ತಗೊಳ್ಳಿ, ಮರೀಬೇಡಿ," ಅಂತ ಮೂರು ಸಲ ಹೇಳಿ ಕಳಿಸಿದೆ.

ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಬಂದ. ಒದ್ದೆ ಗೋಣಿಯಲ್ಲಿ ಮೀನಿನ ಚರ್ಮ. ಹಿಂದೆಯೇ ಅವನ ಹೆಂಡತಿ ಅಕ್ಕಯಮ್ಮ, ಸೊಂಟದ ಮೇಲೆ ಹೂವಿನ ಬುಟ್ಟಿ. ಅವಳು ನಮಗೆ ಗೊತ್ತಿದ್ದವಳೇ. ನಮ್ಮ ಬೀದಿಯಲ್ಲಿ ದಿನಾ ಸಂಜೆ ಮಲ್ಲಿಗೆ ಕನಕಾಂಬರ ಮಾರುತ್ತಿದ್ದವಳು. ಅವಳ ಗಂಡ ಇವನೆಂದು ಅವತ್ತೇ ಗೊತ್ತಾದದ್ದು.

"ಬಾಳೆ ಮೀನಿನ ತಲೆ ಸಾರು ಅಂದ್ರೆ ಏನಂದ್ಕೊಂಡಿದೀರ ಅಯ್ನೋರೇ," ಅಂತ ಬಂದವಳೇ ಶುರು ಮಾಡಿದಳು. "ಹಿಡಿದೋನ ಹೆಂಡ್ರಿಗೆ ತಲೆ ಅಂತ ನಮ್ಮೂರಾಗೆ ಲೆಕ್ಕ. ಈವಯ್ಯನ ಮರ್ವಾದೆ ಉಳೀಲಿ ಅಂತ ನಂ ಪಾಲಿನ ತಲೆ ಬುಟ್ಕೊಟ್ಟಿವ್ನಿ. ಚೆಂದಾಗಿ ಮಾಡ್ಕೊಡ್ಬೇಕು ಮತ್ತೆ."

ತಲೆ ಸಾರಿನ ಸುಖ ನನಗೇನು ಗೊತ್ತು? ಮೂಗಿಗೆ ಪಂಚೆಯ ತುದಿ ಹಿಡಿದುಕೊಂಡು, "ಅಳತೆ ಎಷ್ಟು?" ಅಂದೆ.

"ಎರಡು ಮೊಳ, ಒಂದು ಗೇಣು," ಅಂದ ಬೈರಪ್ಪ. "ಊರೋರ ಮುಂದೇನೇ ಅಳೆದಿದ್ದು. ಬೋರಣ್ಣನೇ ಸಾಕ್ಷಿ."

ಮೊಳಕ್ಕೆ ಹದಿನೆಂಟು ಇಂಚು, ಗೇಣಿಗೆ ಒಂಬತ್ತು. ನಲವತ್ತೈದು ಇಂಚು ಅಂತ ಪುಸ್ತಕದಲ್ಲಿ ಬರೆದುಕೊಂಡೆ. ಅವರನ್ನು ಕಳಿಸಿ, ಚರ್ಮವನ್ನು ಉಪ್ಪಿನಲ್ಲಿ ಹೂತು, ಎರಡು ಸಲ ಸ್ನಾನ ಮಾಡಿದೆ.

ನಲವತ್ತೈದು ಇಂಚಿಗೆ ಸರಿಯಾಗಿ ಮರದಲ್ಲಿ ಮೀನಿನ ಮೈ ಕೆತ್ತಿದೆ. ಹತ್ತು ದಿನ ಬಿಟ್ಟು ಚರ್ಮ ತೊಳೆದು ಅದರ ಮೇಲೆ ಹೊದಿಸಿದೆ. ಬಾಲದ ಕಡೆ ಸರಿ ಮಾಡಿದರೆ ತಲೆಯ ಕಡೆ ಸಾಲದು, ತಲೆ ಸರಿ ಮಾಡಿದರೆ ಬಾಲ ಸಾಲದು. ಎಳೆದೆ, ನೀರು ಚಿಮುಕಿಸಿ ಎಳೆದೆ. ಏಳು ಇಂಚು ಕಮ್ಮಿ.

ಹುಲಿಯಾಗಿದ್ದರೆ ಚರ್ಮ ಎಷ್ಟು ಎಳೆಯುತ್ತೆ, ಎಷ್ಟು ಕುಗ್ಗುತ್ತೆ ಅಂತ ಕಣ್ಣುಮುಚ್ಚಿ ಹೇಳುತ್ತಿದ್ದೆ. ಮೀನು ನಾನು ಮಾಡಿದ್ದು ಅದಕ್ಕೆ ಮುಂಚೆ ಎರಡೋ ಮೂರೋ. ಉಪ್ಪು ಜಾಸ್ತಿಯಾಗಿ ಕುಗ್ಗಿಸಿಬಿಟ್ಟೆ, ಪಾಪದವನ ಮೀನು ಹಾಳು ಮಾಡಿಬಿಟ್ಟೆ ಅಂತ ತಲೆ ಮೇಲೆ ಕೈಹೊತ್ತು ಕೂತೆ. ನನ್ನ ಹೆಂಡತಿ ಜಯದೇವಿ ಕಾಫಿ ತಂದವಳು ಮುಖ ನೋಡಿ ವಿಚಾರಿಸಿದಳು. ಹೇಳಿದೆ.

"ಅದಕ್ಯಾಕೆ ಇಷ್ಟು? ಹೀಗಾಯ್ತು ಗೌಡ್ರೇ ಅಂತ ಹೇಳಿಬಿಡಿ," ಅಂದಳು.

"ಹೇಳೋದಾ! ಒಂಬತ್ತು ವರ್ಷ ಮೈಸೂರಲ್ಲಿ ಕಲಿತು ಮೀನು ಕುಗ್ಗಿಸಿದೆ ಅಂತ ಹೇಳೋದಾ? ಸುಮ್ನಿರೇ ನೀನು."

"ನನಗೇನು, ನೀವುಂಟು ನಿಮ್ಮ ಮೀನುಂಟು," ಅಂತ ಲೋಟ ಇಟ್ಟು ಹೋದಳು.

ಬಾಳೆ ಮೀನಿಗೆ ಹುರುಪೆಯಿಲ್ಲ, ನುಣ್ಣನೆ ಮೈ. ತೇಪೆ ಹಾಕುವವನಿಗೆ ಅದಕ್ಕಿಂತ ಅನುಕೂಲ ಬೇರೆ ಬೇಕೆ? ತಲೆಯ ಹಿಂದೆ ಏಳಿಂಚು ಜಾಗಕ್ಕೆ ತೆಳು ಬಟ್ಟೆ ಅಂಟಿಸಿ, ಪ್ಲಾಸ್ಟರ್ ಮೆತ್ತಿ, ತಿಕ್ಕಿ, ಬಣ್ಣ ಕೊಟ್ಟೆ. ಬೆನ್ನಿಗೆ ಬೂದು, ಹೊಟ್ಟೆಗೆ ಬೆಳ್ಳಿ. ಗಾಜಿನ ಕಣ್ಣು ಕೂರಿಸಿದೆ. ತೇಪೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ನನಗೇ ಕಾಣಲಿಲ್ಲ. ಅಡ್ಡಿಯಿಲ್ಲ ಕಣೋ ಏಕಾಂತ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೇಳಿದ ದಿನಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು. ಬೈರಪ್ಪ ಒಗೆದ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿ, ಮದುವೆಗೆ ಹೊರಟವನ ಹಾಗಿದ್ದ. ಮೇಜಿನ ಮೇಲಿದ್ದ ಬಟ್ಟೆ ತೆಗೆದೆ. ನೋಡಿದ. ಈ ಕಡೆಯಿಂದ ನೋಡಿದ, ಆ ಕಡೆಗೆ ಹೋಗಿ ನೋಡಿದ. ಮೂತಿಯ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ಸವರಿಕೊಂಡು ಬಂದು, ನನ್ನ ತೇಪೆಯ ಮೇಲೆಯೇ ಕೈ ನಿಲ್ಲಿಸಿದ.

"ಅಯ್ನೋರೇ, ಮೀನಿಗೆ ಕತ್ತಿರ್ತದಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ತಪ್ಪು ನನ್ನದಾದಾಗಲೇ ನನಗೆ ಸಿಟ್ಟು ಜಾಸ್ತಿ. "ಏನ್ರೀ ಹಂಗಂದ್ರೆ? ನಿಮ್ಮ ಮೀನೇ ಇದು. ಹಲ್ಲು ನೋಡಿ, ಮೀಸೆ ನೋಡಿ!"

"ತಲೆ ನಂದೇ, ಬಾಲ ನಂದೇ. ಉದ್ದ ನಂದಲ್ಲ. ಇದು ಜಾಸ್ತಿ ಉದ್ದ ಐತೆ."

"ಜಾಸ್ತಿ ಇದ್ರೆ ನಿಮಗೇನ್ರೀ ನಷ್ಟ? ಇಷ್ಟು ವರ್ಷದಲ್ಲಿ ಉದ್ದ ಆಯ್ತು ಅಂತ ಅತ್ತೋರನ್ನ ನಾನು ಕಂಡಿಲ್ಲ!"

ಬೈರಪ್ಪನ ಕಣ್ಣಲ್ಲಿ ನೀರು ಬಂತು. "ಊರಾಗೆ ನಲವತ್ತು ಮನೆಯೋರು ಆ ಮೀನು ಕಣ್ಣಾರೆ ಕಂಡವ್ರೆ ಅಯ್ನೋರೇ. ಇದನ್ನ ತಗೊಂಡೋಗಿ ನೇತಾಕಿದ್ರೆ ಬೋರಣ್ಣ ಏನಂತಾನೆ? ನೋಡ್ರಪ್ಪ, ಸತ್ತ ಮೀನಿಗೂ ಬುರುಡೆ ಬುಟ್ಟವ್ನೆ ಅಂತಾನೆ. ಇಪ್ಪತ್ತು ವರ್ಷಕ್ಕೆ ಒಂದೇ ಒಂದು ನಿಜ ಹೇಳಿದ್ದೆ. ಅದಕ್ಕೂ ನೀವು ಸುಳ್ಳು ಸೇರಿಸಿಬಿಟ್ರಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಕಿಲ್ಲ."

ಆನೆಯ ಹೆಸರು ಅವನ ಬಾಯಲ್ಲಿ ಬಂದರೂ ನನಗೆ ನಗು ಬರಲಿಲ್ಲ. ಪುಸ್ತಕ ತೆಗೆದು ಅವನ ಮುಂದೆ ಹಿಡಿದೆ. "ನೀವೇ ಹೇಳಿದ್ದು. ಎರಡು ಮೊಳ ಒಂದು ಗೇಣು. ನಲವತ್ತೈದು ಇಂಚು. ಟೇಪ್ ಇಟ್ಟು ತೋರಿಸ್ಲಾ?"

"ಟೇಪ್ ಯಾಕೆ, ಅಳೆದೋಳೇ ಇಲ್ಲೇ ಅವ್ಳಲ್ಲ," ಅಂದ. "ಬಾರಮ್ಮಿ, ಅಳೆ."

ಅಕ್ಕಯಮ್ಮ ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು. ಮೊಣಕೈಯನ್ನು ಮೀನಿನ ಮೂತಿಗೆ ಆನಿಸಿ, ಬೆರಳು ಮಡಿಸಿ ಗುರುತಿಟ್ಟು, ಮತ್ತೆ ಅಲ್ಲಿಂದ ಮೊಣಕೈ ಇಟ್ಟು ಅಳೆದಳು. ಮೂವತ್ತು ವರ್ಷ ಹೂವು ಅಳೆದ ಕೈ, ಮಿಂಚಿನ ಹಾಗೆ ಓಡಿತು. "ಒಂದು. ಎರಡು. ಮೂರು. ಸರಿಯಾಗಿ ಮೂರು ಮೊಳ!" ಅಂತ ಗಂಡನನ್ನು ನೋಡಿದಳು. "ಅವತ್ತು ಎರಡು ಮೊಳ ಒಂದು ಗೇಣಿತ್ತು. ಇದು ಬೆಳೆದೈತೆ."

ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಜಯದೇವಿ ಬಾಗಿಲಲ್ಲಿ ನಿಂತಿದ್ದಳು. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. "ರೀ, ಹೂವಿನ ಮೊಳದಲ್ಲಿ ಅಳೆದಿದ್ದಾರೆ ಕಣ್ರೀ! ಅಕ್ಕಯಮ್ಮನ ಮೊಳ ಎಷ್ಟುದ್ದ ಅಂತ ನನ್ನ ಜಡೇನ ಕೇಳಿ. ಆರು ವರ್ಷದಿಂದ ಜಗಳ ಆಡ್ತಿದ್ದೀನಿ!"

ಟೇಪ್ ತೆಗೆದು ಅಕ್ಕಯಮ್ಮನ ಕೈಗೆ ಹಿಡಿದೆ. ಮೊಣಕೈಯಿಂದ ಮಡಿಸಿದ ಬೆರಳಿಗೆ ಹದಿನೈದು ಇಂಚು. ಗೇಣು ಎಂಟು. ಎರಡು ಮೊಳ ಒಂದು ಗೇಣು ಅಂದರೆ ಮೂವತ್ತೆಂಟು. ಅವನ ಮೀನು ಮೂವತ್ತೆಂಟು ಇಂಚಿನ ಮೀನು. ಚರ್ಮ ಒಂದು ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ.

"ಬೆರಳು ಯಾಕಮ್ಮ ಮಡಿಸ್ತೀಯ?" ಅಂದೆ.

"ನಮ್ಮವ್ವ ಹಂಗೇ ಕಲಿಸಿದ್ದು," ಅಂದಳು ಅಕ್ಕಯಮ್ಮ, ಒಂದಿಷ್ಟೂ ನಾಚದೆ. "ಬೆರಳು ಚಾಚಿ ಅಳೆದ್ರೆ ಹೂವಿನೋಳು ಉಳೀತಾಳಾ?"

ಈಗ ನನ್ನ ಸರದಿ. ಸುಮ್ಮನಿದ್ದುಬಿಟ್ಟಿದ್ದರೆ ಎಲ್ಲ ತಪ್ಪು ಮೊಳದ ತಲೆಗೆ ಹೋಗುತ್ತಿತ್ತು. ಬೈರಪ್ಪ ಆಗಲೇ, "ಹಂಗಾದ್ರೆ ನಿಮ್ದೇನೂ ತಪ್ಪಿಲ್ಲ ಬುಡಿ," ಅನ್ನತೊಡಗಿದ್ದ. ಆದರೆ ಆ ಮನುಷ್ಯ ಏಳಿಂಚು ಜಾಸ್ತಿ ಬೇಡ ಅಂತ ಕಣ್ಣಲ್ಲಿ ನೀರು ತಂದುಕೊಂಡಿದ್ದ, ಮೈತುಂಬ ವಿಭೂತಿ ಬಳಿದುಕೊಂಡ ನಾನು ಆ ಏಳಿಂಚನ್ನು ಪ್ಲಾಸ್ಟರಿನಲ್ಲಿ ಮುಚ್ಚಿಟ್ಟು ನಿಂತಿದ್ದೆ. ನನಗೆ ನಾಚಿಕೆಯಾಯಿತು.

"ಇದೆ ಗೌಡ್ರೇ, ತಪ್ಪಿದೆ," ಅಂದೆ. "ಚರ್ಮ ಸಾಲಲಿಲ್ಲ. ನಾನೇ ಕುಗ್ಗಿಸಿಬಿಟ್ಟೆ ಅಂತ ಹೆದರಿ ತೇಪೆ ಹಾಕಿದೆ. ನಿಮಗೆ ಹೇಳಲಿಲ್ಲ. ಆ ಕತ್ತು ನನ್ನದು, ಮೀನಿಂದಲ್ಲ."

ಬೈರಪ್ಪ ಬೊಚ್ಚುಬಾಯಿ ಅಗಲಿಸಿ ನಕ್ಕ. "ಅಯ್ನೋರೇ, ನೀವೂ ನಮ್ಮೋರೇ ಅನ್ನಿ!"

ತೇಪೆ ಒಡೆದೆ. ಮರದ ಮೈಯನ್ನು ಗರಗಸದಲ್ಲಿ ಕೊಯ್ದು ನಡುವಿನ ಏಳಿಂಚು ತೆಗೆದು ಮತ್ತೆ ಜೋಡಿಸಿದೆ. ಚರ್ಮ ಕೈಗವಸು ತೊಟ್ಟ ಹಾಗೆ ಕೂತಿತು. ಈ ಸಲ ಬಣ್ಣ ಹಚ್ಚುವಾಗ ಬೈರಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಬೆನ್ನು ಇಷ್ಟು ಕಪ್ಪಿರಲಿಲ್ಲ, ಕಿವಿರಿನ ಹತ್ತಿರ ಹಳದಿ ಛಾಯೆಯಿತ್ತು ಅಂತ ಅವನು ಹೇಳಿದ ಹಾಗೆ ಹಚ್ಚಿದೆ. ಮೀನಿನ ವಾಸನೆಯನ್ನು ಆ ಎರಡು ದಿನ ನಾನು ಮರೆತೇಬಿಟ್ಟಿದ್ದೆ ಅಂದರೆ ಜಯದೇವಿ ಇವತ್ತಿಗೂ ನಂಬುವುದಿಲ್ಲ.

ಯಾವ ಜಮೀನ್ದಾರನ ಹುಲಿಯನ್ನೂ ನಾನು ಮನೆಗೆ ಹೋಗಿ ನೇತುಹಾಕಿಕೊಟ್ಟವನಲ್ಲ. ಆ ಮೀನಿನ ಜೊತೆ ಮಾತ್ರ ನಾನೇ ಹೋದೆ. ಭಾನುವಾರ ಬೆಳಿಗ್ಗೆ ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ಅವನು ಮುಂದೆ, ಸುತ್ತಿಗೆ ಮೊಳೆ ಹಿಡಿದು ನಾನು ಹಿಂದೆ. ಯಡಿಯೂರು ದಾಟಿ ಚಿಕ್ಕಲಸಂದ್ರ ಮುಟ್ಟುವ ಹೊತ್ತಿಗೆ ನನ್ನ ಕಾಲು ಬಿದ್ದುಹೋಗಿತ್ತು. ಬೋರಣ್ಣನ ಕಾಫಿ ಅಂಗಡಿಯ ಮುಂದೆ ಜನ ಸೇರಿದ್ದರು. ಗೋಡೆಗೆ ಮೊಳೆ ಹೊಡೆದು ಮೀನು ನೇತುಹಾಕಿದೆವು. ಬೈರಪ್ಪ ಕಂಬಕ್ಕೆ ಒರಗಿ ನಿಂತ.

ಬೋರಣ್ಣ ಹೆಗಲ ಮೇಲಿನ ಟವೆಲಿನಲ್ಲಿ ಕೈಯೊರೆಸಿಕೊಂಡು ಹತ್ತಿರ ಬಂದು ಕತ್ತೆತ್ತಿ ನೋಡಿದ.

"ಇಷ್ಟೇನಾ?" ಅಂದ. "ಅವತ್ತು ಇನ್ನೂ ದೊಡ್ಡದಿತ್ತಲ್ಲೋ!"

"ಹೂಂ ಕಣಪ್ಪ, ನಂ ಪಾಲಿಗೇ ಇಷ್ಟಗಲ ತುಂಡು ಬಂದಿತ್ತು," ಅಂತ ಹಿಂದಿನಿಂದ ಒಬ್ಬ ಎರಡು ಅಂಗೈ ಜೋಡಿಸಿ ತೋರಿಸಿದ. ನಾಲ್ಕು ಮೊಳವಿತ್ತು ಅಂತ ಇನ್ನೊಬ್ಬ. ಎತ್ತೋಕೆ ಇಬ್ಬರು ಬೇಕಾಯ್ತು ಅಂತ ಮತ್ತೊಬ್ಬ. ಹೊಟ್ಟೆಗೆ ಹೋದ ಮೀನು ಸಣ್ಣದಾಗುತ್ತೆ ಅಂದಿದ್ದನಲ್ಲ, ಅದು ನಲವತ್ತು ಹೊಟ್ಟೆಯಲ್ಲೂ ಕೂತು ಬೆಳೆದುಬಿಟ್ಟಿತ್ತು! ಕೊನೆಗೆ ಬೋರಣ್ಣ ನನ್ನ ಕಡೆ ತಿರುಗಿ, "ಏನ್ ಅಯ್ನೋರೇ, ನಮ್ಮೂರ ಮೀನಿನಾಗೆ ಒಂದು ಮೊಳ ಕದ್ರಾ?" ಅಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಬೈರಪ್ಪ ಮುಂದೆ ಬಂದ.

"ಅಯ್ನೋರನ್ನ ಏನೂ ಅನ್ಬೇಡ ಬೋರ. ಮೀನು ಇಷ್ಟೇ ಇದ್ದಿದ್ದು."

"ಇಲ್ಲ ಕಣೋ ಬುರುಡೆ, ನಾನೇ ನೋಡಿವ್ನಿ…"

"ನಾನು ಹಿಡಿದೋನು. ಎರಡು ಮೊಳ ಒಂದು ಗೇಣು. ಅದೂ ನಮ್ಮೋಳ ಹೂವಿನ ಮೊಳ. ಮೂವತ್ತೆಂಟು ಇಂಚು. ಜಾಸ್ತಿ ಇರ್ಲಿಲ್ಲ."

ಬೋರಣ್ಣ ಮೀನನ್ನು ನೋಡಿದ, ಬೈರಪ್ಪನನ್ನು ನೋಡಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಬೈರಪ್ಪನೇ ಕಮ್ಮಿ ಅಂದ್ಮ್ಯಾಕೆ ಕಮ್ಮೀನೇ ಕಣ್ರಪ್ಪ," ಅಂದ. "ಆವಯ್ಯನ ಮಾತೇ ಮಾತು."

ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಆ ಹೆಸರಿನ ಹಿಂದೆ ಬುರುಡೆ ಇರಲಿಲ್ಲ. ಬೈರಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಬೋರಣ್ಣ ಅವನನ್ನು ಬೆಂಚಿನ ಮೇಲೆ ಕೂರಿಸಿ ತನ್ನ ಕೈಯಾರೆ ಕಾಫಿ ತಂದುಕೊಟ್ಟ. ನನಗೂ ಒಂದು ಲೋಟ ಬಂತು.

ಕಾಫಿ ಅರ್ಧ ಆದಾಗ ಬೋರಣ್ಣ ತಲೆ ಕೆರೆದುಕೊಂಡು ಕೇಳಿದ. "ಹಂಗಾದ್ರೆ ಬೈರಪ್ಪ, ಆ ಬನ್ನೇರುಘಟ್ಟದ ಆನೆ… ಅದೂ ನಿಜಾನಾ? ಸೊಂಡ್ಲು ಎತ್ತಿ ನಮಸ್ಕಾರ ಮಾಡಿದ್ದು?"

ಎಲ್ಲರೂ ಲೋಟ ಕೆಳಗಿಟ್ಟು ಬೈರಪ್ಪನ ಬಾಯನ್ನೇ ನೋಡಿದರು. ಅವನು ಒಂದು ಗುಟುಕು ಕುಡಿದು, ಗೋಡೆಯ ಮೇಲಿನ ಮೀನನ್ನು ನೋಡಿ, ತುಂಬ ಹೊತ್ತು ಯೋಚನೆ ಮಾಡಿದ.

"ಪೂರ್ತಿ ಎತ್ತಿರ್ಲಿಲ್ಲ," ಅಂದ. "ಅರ್ಧ ಎತ್ತಿತ್ತು."

ಊರಿನವರೆಲ್ಲ ಹೌದೌದೆಂದು ತಲೆಯಾಡಿಸಿದರು. ನಾನೂ ನಂಬಿದೆ.